ಕಬ್ಬಿನ ಹಂಗಾಮಿನ ದೀಪಮೀಮಾಂಸೆ

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಸಕ್ಕರೆ ಕಾರ್ಖಾನೆ ಉಂಟು. ಸುತ್ತ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯವರೆಗೂ ಕಬ್ಬು ಉಂಟು. ಇವೆರಡರ ನಡುವೆ ಡಬಲ್ ಟ್ರೇಲರ್ ಜಗ್ಗುವ ಟ್ರ್ಯಾಕ್ಟರ್ ಉಂಟು. ಇಷ್ಟರ ಮಟ್ಟಿಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಿಂದಿನ ಟ್ರೇಲರಿಗೆ ಕೆಂಪು ದೀಪ ಉಂಟೋ ಇಲ್ಲವೋ ಎಂಬುದೇ ಈ ಪ್ರಬಂಧದ ಜಿಜ್ಞಾಸೆ.

ಮೂಲಗ್ರಂಥವಾದ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೆಯ ಸೂತ್ರದಂತೆ ಹೊತ್ತು ಮುಳುಗಿ ಅರ್ಧ ತಾಸಾದ ಮೇಲೆ ದೀಪ ಉರಿಯಬೇಕು. ಹಿಂದಿನ ಕೆಂಪು ದೀಪ 155 ಮೀಟರ್ ದೂರದವನಿಗೂ ಕಾಣಬೇಕು. ದೀಪವೇ ಇಲ್ಲದಿದ್ದರೆ ಟ್ರೇಲರ್ ಇದೆಯೆಂದು ತಿಳಿಯುವುದು ಹೇಗೆ? ಇಂಥದಕ್ಕೆಂದೇ ನಮ್ಮ ದಾರ್ಶನಿಕರು ಪ್ರಮಾಣಗಳನ್ನು ಹೇಳಿಟ್ಟಿದ್ದಾರೆ. ಪ್ರತ್ಯಕ್ಷ ಕತ್ತಲಲ್ಲಿ ನಡೆಯದು. ಅನುಮಾನ ನಡೆಯುತ್ತದೆ: ಹೊಗೆ ಕಂಡಲ್ಲಿ ಬೆಂಕಿ, ರಸ್ತೆಯ ಮೇಲೆ ಕಬ್ಬಿನ ಗಳ ಬಿದ್ದಲ್ಲಿ ಮುಂದೆ ಟ್ರೇಲರ್. ಮೂರನೆಯದು ಶಬ್ದ. ಟ್ರ್ಯಾಕ್ಟರಿನ ಸ್ಪೀಕರಿನ ಹಾಡು 155 ಮೀಟರನ್ನು ಲೀಲಾಜಾಲವಾಗಿ ದಾಟುತ್ತದೆ. ಆದರೆ ಹಾಡು ಇರುವುದು ಇಂಜಿನ್ನಿನ ಹತ್ತಿರ, ಕಬ್ಬು ಮುಗಿಯುವುದು ಎರಡು ಟ್ರೇಲರ್ ಹಿಂದೆ. ಹಾಡು ನಂಬಿ ದೂರ ಲೆಕ್ಕ ಹಾಕಿದ ಬೈಕಿನವನಿಗೆ ನಾಲ್ಕನೆಯ ಪ್ರಮಾಣವಾಗಿ ಕಬ್ಬಿನ ತುದಿ ಎದೆಗೆ ತಾಗುತ್ತದೆ. ಆಮೇಲೆ ಪ್ರತಿವಾದ ಹೂಡಲು ಅವನಿರುವುದಿಲ್ಲ.

ಪೂರ್ವಪಕ್ಷದ ಪರವಾಗಿ ಚಾಲಕ ಮಹಾಶಯರ ವಾದ ಹೀಗಿದೆ: "ಮುಂದಿಂದು ನಾ ನೋಡ್ತೀನ್ರಿ. ಹಿಂದಿಂದು ಹಿಂದ ಬರಾಂವ ನೋಡ್ಕೋಬೇಕು." ಖಂಡಿಸುವುದು ಕಷ್ಟ. ರಿಫ್ಲೆಕ್ಟರ್ ಪಟ್ಟಿ ಇಲ್ಲವೇ ಎಂದು ಕೇಳಬಹುದು. ಹಂಗಾಮಿನ ಮೊದಲಿಗೆ ಅಂಟಿಸುವ ಕಾರ್ಯಕ್ರಮ ನಡೆಯುತ್ತದೆ, ಫೋಟೊ ಪೇಪರಿನಲ್ಲಿ ಬರುತ್ತದೆ. ಕಬ್ಬು ಹೇರಿದ ಮೇಲೆ ಪಟ್ಟಿ ಗಳಗಳ ಮರೆಯಲ್ಲಿ ಗರ್ಭಗುಡಿ ಸೇರುತ್ತದೆ.

ಇನ್ನು ಮುಂದಿನ ದೀಪ. ಇಲ್ಲಿ ಬಡತನವಿಲ್ಲ. ಬಾನೆಟ್ಟಿಗೆ ಎರಡು, ಬಂಪರಿಗೆ ನಾಲ್ಕು, ಟಾಪಿಗೆ ಎಲ್‌ಇಡಿ ಪಟ್ಟಿ, ಅದರ ಕೆಳಗೆ "ರೈತನ ಮಗ". 106ನೆಯ ಸೂತ್ರವು ಈ ಬೆಳಕು ಯಾರ ಕಣ್ಣು ಕುಕ್ಕಬಾರದೆಂಬುದನ್ನು ಅಳತೆ ಸಹಿತ ಹೇಳುತ್ತದೆ: ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಳ್ಳವನದು. ಈ ಮನುಷ್ಯನನ್ನು ಮುಧೋಳ-ಜಮಖಂಡಿ ರಸ್ತೆಯಲ್ಲಿ ಯಾರೂ ಕಂಡಿಲ್ಲ. ಎದುರಿನವನು 8 ಮೀಟರ್ ಹತ್ತಿರ ಬರುವಷ್ಟರಲ್ಲಿ ಕಣ್ಣು ಕಾಣದೆ ಹೊಲಕ್ಕೆ ಇಳಿದಿರುತ್ತಾನೆ. ಆದಕಾರಣ ನಿಯಮಭಂಗ ಸಂಭವಿಸುವುದೇ ಇಲ್ಲವೆಂದು ಸಿದ್ಧವಾಯಿತು.

2024ರ ಜುಲೈಯಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಲ್ಲೆಲ್ಲ ಕೇಸು ಹಾಕಲು ಪೊಲೀಸರು ಹೊರಟರು. ಜುಲೈಯಲ್ಲಿ ನಮ್ಮ ಕಬ್ಬು ಇನ್ನೂ ಹೊಲದಲ್ಲಿರುತ್ತದೆ, ಟ್ರೇಲರು ಬೇವಿನ ಗಿಡದ ಕೆಳಗೆ. ಮುಹೂರ್ತ ಇಟ್ಟವರು ಯಾರೋ ತಿಳಿಯದು, ಕಾರಹುಣ್ಣಿಮೆ ಮುಗಿದ ಮೇಲೆ ಎತ್ತಿಗೆ ಬಣ್ಣ ಬಳಿಯಲು ಹೊರಟ ಹಾಗಾಯಿತು.

ದಂಡಶಾಸ್ತ್ರವೂ ಕಡಿಮೆಯದಲ್ಲ. ವಾಹನದ ಮೂಲರೂಪ ಕೆಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ. 2019ರ ತಿದ್ದುಪಡಿಯಂತೆ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ. 2024-25ರಲ್ಲಿ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಎಂದರೆ ಕಬ್ಬಿನ ಕನಿಷ್ಠ ಬೆಲೆ, ಟನ್ನಿಗೆ 3,400 ರೂಪಾಯಿ ಇತ್ತು. ಅಂದರೆ ಹೆಚ್ಚಿನ ದೀಪವೊಂದಕ್ಕೆ ಸುಮಾರು ಒಂದೂವರೆ ಟನ್ ಕಬ್ಬು. ದೀಪಗಳನ್ನೆಲ್ಲ ಎಣಿಸಿದರೆ ಮೊದಲ ಟ್ರೇಲರಿನಲ್ಲಿದ್ದ ಬಹುಪಾಲು ಕಬ್ಬು ಸರ್ಕಾರದ್ದು.

ಆದರೆ ಇನ್ನೊಂದು ಗ್ರಂಥವೂ ಇದೆ: ಕಬ್ಬು ನಿಯಂತ್ರಣ ಆದೇಶ, 1966. ಕಬ್ಬು ಕಳಿಸಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕೆಂದು ಅದರ ವಿಧಿ. ಈ 14 ದಿನ ಮತ್ತು ಆ 155 ಮೀಟರ್ ಒಂದೇ ಜಾತಿಯ ಅಳತೆಗಳೆಂದು ಪ್ರಾಜ್ಞರ ಮತ. ಟಾರ್ಚ್ ಹಿಡಿದು ರಸ್ತೆಗಿಳಿದ ಸಾಹೇಬರಿಗೂ ಇದು ಗೊತ್ತು, ಸ್ಟೇರಿಂಗ್ ಹಿಡಿದವನಿಗೂ ಗೊತ್ತು. ಅದಕ್ಕೇ ಅವನು ಹಾಡಿನ ಸದ್ದು ತಗ್ಗಿಸಿ, ನಯವಾಗಿಯೇ ಹೇಳುತ್ತಾನೆ: "ಬರ್ಕೊಳ್ರಿ ಸಾಹೇಬ್ರ. ಬಿಲ್ ಆದ ಕೂಡ್ಲೆ ಕಟ್ತೀನಿ."