ಯೂಫೋನಿಯಂ ಯಜಮಾನರು

ಹುಡುಗ ಮಿಲಿಟರಿಯಲ್ಲಿದ್ದಾನೆ ಎಂದಷ್ಟೇ ಹೇಳಿ ನನ್ನ ಮದುವೆ ಮಾಡಿದರು. ಅಲ್ಲಿ ಏನು ಮಾಡುತ್ತಾನೆ ಅಂತ ನಮ್ಮಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇವರು ಬಂದೂಕಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಯೂಫೋನಿಯಂ ಎಂದು ತಿಳಿಯುವಷ್ಟರಲ್ಲಿ ತಾಳಿ ಬಿದ್ದಾಗಿತ್ತು. ಬ್ಯಾಂಡಿನಲ್ಲಿ ಎದೆಗೆ ಅವಚಿಕೊಂಡು ಊದುತ್ತಾರಲ್ಲ, ಆ ದಪ್ಪ ಹೊಟ್ಟೆಯ ಹಿತ್ತಾಳೆ ವಾದ್ಯ. ನಿವೃತ್ತರಾದಾಗ ಸರ್ಕಾರದ್ದನ್ನು ಸರ್ಕಾರಕ್ಕೇ ಒಪ್ಪಿಸಿ ಬಂದರು. ಬಂದವರೇ ಪಿಂಚಣಿ ದುಡ್ಡಲ್ಲಿ ಹಳೆಯದೊಂದನ್ನು ಕೊಂಡರು.

ಅದು ಅಟ್ಟದ ಮೇಲೆ ತಣ್ಣಗಿತ್ತು. ಈಗ ಇಳಿದಿದೆ. ಮುಂದಿನ ತಿಂಗಳು ಹಲಸೂರು ಕೆರೆ ಹತ್ತಿರ ಒಂದು ಹಾಲ್ ಹಿಡಿದು ಹಳೆಯ ಬ್ಯಾಂಡಿನವರೆಲ್ಲ ಸೇರುತ್ತಾರಂತೆ. ಅಲ್ಲೇ ಯಾಕೆ ಎಂದರೆ ಇವರಿಗೆ ಎದೆ ಉಬ್ಬುತ್ತದೆ. ಮದ್ರಾಸ್ ಸ್ಯಾಪರ್ಸ್ ಇರುವ ಜಾಗವಂತೆ, 1780ರ ಪಡೆಯಂತೆ, ‘ತಂಬಿ’ಗಳೆಂದೇ ಕರೆಸಿಕೊಳ್ಳುವ ಆ ಸೈನಿಕರ ಪಕ್ಕದಲ್ಲಿ ಊದಿದರೆ ಊದಿದ ಹಾಗೆ ಅಂತೆ. ಅಂತೂ ನಮ್ಮನೆಯಲ್ಲಿ ಬೆಳಗಿನ ಜಾವ ಸುಪ್ರಭಾತ ನಿಂತು ‘ಲಾಂಗ್ ನೋಟ್’ ಶುರುವಾಗಿದೆ. ಒಂದೇ ಸ್ವರ, ಉಸಿರು ಮುಗಿಯುವವರೆಗೆ. ಕರು ಕಳಕೊಂಡ ಎಮ್ಮೆ ಕೂಗಿದ ಹಾಗೆ. ಪಕ್ಕದ ಮನೆಯವರು ಬಂದು, “ಹಸು ಕಟ್ಟಿದ್ದೀರಾ?” ಅಂತ ವಿಚಾರಿಸಿಕೊಂಡು ಹೋದರು.

“ತುಟಿ ಹೋಗಿದೆ ಕಣೇ,” ಅಂತ ಇವರ ಗೋಳು. ಊದುವವರಿಗೆ ತುಟಿಯೇ ಆಸ್ತಿ. ನಾಲ್ಕು ದಿನ ಬಿಟ್ಟರೆ ಸಡಿಲ. ಹಲ್ಲಿನ ಕತೆ ಇನ್ನೂ ದೊಡ್ಡದು. ಕ್ಲಾರಿನೆಟ್ಟಿನವರು ಮೇಲಿನ ಹಲ್ಲು ಊರಬೇಕು, ಟ್ರಂಪೆಟ್ಟಿನವರು ಮುಂದಿನ ಹಲ್ಲಿಗೆ ಒತ್ತಿಕೊಳ್ಳಬೇಕು. ಹೀಗಾಗಿ ಇವರ ವಾಟ್ಸಾಪ್ ಗುಂಪಿನಲ್ಲಿ ದೇಶಭಕ್ತಿಗಿಂತ ಹೆಚ್ಚು ಚರ್ಚೆ ಹಲ್ಲಿನ ಸೆಟ್ಟಿನದು. ಯಾರದು ಸ್ವಂತದ್ದು, ಯಾರದು ಕಟ್ಟಿಸಿದ್ದು, ಯಾವ ಅಂಟು ಗಟ್ಟಿ. ಡ್ರಮ್ಮಿನವರು ಮಾತ್ರ ಕಿಸಿಕಿಸಿ ನಗುವ ಗೊಂಬೆ ಕಳಿಸುತ್ತಾರೆ. ಅವರಿಗೆ ಹಲ್ಲು ಬೇಡವಲ್ಲ, ಮಂಡಿ ಇದ್ದರೆ ಸಾಕು. ಮಂಡಿಯೂ ಇಲ್ಲವಂತೆ.

ಬೇರೆ ಮಾಜಿ ಸೈನಿಕರು ಗುಂಡಿನ ಕತೆ ಹೇಳುತ್ತಾರೆ, ಇವರು ಚಳಿಯ ಕತೆ. ಜನವರಿ 29, ದೆಹಲಿಯ ವಿಜಯ ಚೌಕ, ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಬೀಟಿಂಗ್ ರಿಟ್ರೀಟ್. ಚಳಿಗೆ ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿಯುತ್ತದಂತೆ. ಅದಕ್ಕೆ ಸದ್ದಿಲ್ಲದೆ ಬಿಸಿಯುಸಿರು ಊದಿ ಊದಿ ವಾದ್ಯವನ್ನು ಕಾಯಿಸಿಕೊಳ್ಳಬೇಕು. ಕೊಳವೆಯಿಂದ ನೀರು ಬಸಿಯುವುದನ್ನು ಕಂಡು “ಥೂ, ಎಂಜಲು!” ಅಂದದ್ದಕ್ಕೆ ನನಗೊಂದು ಪಾಠವೇ ಆಯಿತು. ಬಹುಪಾಲು ಉಸಿರಿನ ಆವಿ ತಣಿದ ನೀರಂತೆ. ಇರಲಿ. ನೆಲ ಒರೆಸುವವಳು ನಾನು.

ಇನ್ನು ಪಚ್‌ಮಢಿ. ಅಲ್ಲಿ ಮಿಲಿಟರಿ ಸಂಗೀತ ಕಲಿಸುವ ಶಾಲೆ 1950ರಲ್ಲಿ ಶುರುವಾದದ್ದು ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಆಸ್ಥೆಯಿಂದ. “ಕಾರ್ಯಪ್ಪನವರು ಇಲ್ಲದಿದ್ದರೆ ಪಚ್‌ಮಢಿ ಎಲ್ಲಿರುತ್ತಿತ್ತು ಹೇಳು?” ಅಂದರು. “ಸಾತ್ಪುಡ ಬೆಟ್ಟದಲ್ಲೇ ಇರುತ್ತಿತ್ತಲ್ಲರೀ,” ಅಂದೆ. ಆ ದಿನ ಮಾತಿಲ್ಲ. ಊದೂ ಇಲ್ಲ, ಅದೊಂದು ಲಾಭ.

ಒಂದು ವಿಷಯಕ್ಕೆ ಮಾತ್ರ ನಾನು ರೇಗಿಸುವುದಿಲ್ಲ. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹೊರುತ್ತಾರೆ. ಅದರ ಬಗ್ಗೆ ಇವರು ತಾವಾಗಿ ಬಾಯಿ ಬಿಟ್ಟದ್ದಿಲ್ಲ.

ಈಗಿನ ಜಗಳ ಏನು ಬಾರಿಸಬೇಕು ಅನ್ನುವುದು. ‘ಅಬೈಡ್ ವಿತ್ ಮಿ’ ಪ್ರಾರ್ಥನಾಗೀತೆಯನ್ನು 2022ರಲ್ಲಿ ಬೀಟಿಂಗ್ ರಿಟ್ರೀಟಿನಿಂದ ಕೈಬಿಟ್ಟದ್ದು ಇವರಿಗೆ ಇನ್ನೂ ನುಂಗಲಾರದ ತುತ್ತು, ಹಾಲಿನಲ್ಲಾದರೂ ಬಾರಿಸಿಯೇ ತೀರುತ್ತೇವೆ ಅಂತ ಒಂದು ಪಕ್ಷ. 1914ರ ‘ಕರ್ನಲ್ ಬೋಗಿ’ ಮಾರ್ಚ್ ಇಲ್ಲದೆ ಊಟಕ್ಕೆ ಏಳುವುದಿಲ್ಲ ಅಂತ ಇನ್ನೊಂದು. ಎಲ್ಲರಿಗೂ ಬ್ಯಾಂಡ್ ಮಾಸ್ಟರ್ ಆಗಬೇಕು, ದೊಡ್ಡ ಡ್ರಮ್ ಹೊರಲು ಒಬ್ಬರೂ ತಯಾರಿಲ್ಲ.

ಹೆಂಡತಿಯರಿಗೆ ಮೊದಲ ಸಾಲಿನಲ್ಲೇ ಕುರ್ಚಿಯಂತೆ. ಟ್ರಾಂಬೋನಿನವರ ಮನೆಯಾಕೆಗೆ ಫೋನ್ ಮಾಡಿ, “ಅಕ್ಕಾ, ಬರುವಾಗ ಏನು ತರಲಿ?” ಅಂತ ಕೇಳಿದೆ.

“ಚಟ್ನಿಪುಡಿ ತಗೊಂಡ್ಬಾ,” ಅಂದರು. “ಕಿವಿಗೆ ಹತ್ತಿ ಎಲ್ಲರಿಗೂ ಆಗುವಷ್ಟು ನಾನೇ ತರ್ತೀನಿ.”