ಬಡ್ಡಿಯಲ್ಲಿ ಒಂದು ಶಾಲು

ನಮ್ಮ ವಿಶ್ವವಿದ್ಯಾಲಯದ ಅಧ್ಯಯನ ಪೀಠದಲ್ಲಿ ವರ್ಷಕ್ಕೊಂದು ದತ್ತಿ ಉಪನ್ಯಾಸ ನಡೆಯಲೇಬೇಕು. 1986ರಲ್ಲಿ ನಿವೃತ್ತ ಹೆಡ್‌ಮಾಸ್ತರೊಬ್ಬರು ಹೆಂಡತಿಯ ನೆನಪಿಗೆ ಹತ್ತು ಸಾವಿರ ರೂಪಾಯಿ ಇಡುಗಂಟು ಇಟ್ಟರು. ಬರುವ ಬಡ್ಡಿಯಲ್ಲಿ ವಿದ್ವಾಂಸರೊಬ್ಬರನ್ನು ಕರೆಸಿ, ಮಾತಾಡಿಸಿ, ಶಾಲು ಹೊದಿಸಿ, ಬಂದವರಿಗೆಲ್ಲ ಸಿಹಿ ಹಂಚಬೇಕೆಂದು ಬರೆದುಕೊಟ್ಟರು. ಆಗ ಬ್ಯಾಂಕಿನ ಬಡ್ಡಿ ನೂರಕ್ಕೆ ಹತ್ತು. ಬಸ್ ಚಾರ್ಜು, ಸಂಭಾವನೆ, ಶಾಲು, ಮೈಸೂರ್‌ಪಾಕು ಎಲ್ಲ ಮುಗಿದು ಚಿಲ್ಲರೆ ಉಳಿಯುತ್ತಿತ್ತಂತೆ. ಈಗ ಬಡ್ಡಿ ಆರೂವರೆ. ಅಂದರೆ 650 ರೂಪಾಯಿ. ಶಾಲಿಗೆ 400, ಹಾರಕ್ಕೆ 150. ಮಿಕ್ಕ ನೂರರಲ್ಲಿ ವಿದ್ವಾಂಸರು ಬಂದು, ಉಂಡು, ಊರು ಸೇರಿಕೊಳ್ಳಬೇಕು.

ಈ ಲೆಕ್ಕದ ಹೊಣೆ ಹೊತ್ತ ಸಂಯೋಜಕ ನಾನು. ನನಗೆ ಮಾರ್ಚ್ ತಿಂಗಳೇ ಗತಿ. ವರ್ಷವಿಡೀ ‘ಅನುದಾನ ಲಭ್ಯವಿಲ್ಲ’ ಎಂದು ವಾಪಸು ಬರುವ ಕಡತ ಮಾರ್ಚ್ ಎರಡನೇ ವಾರ ಇದ್ದಕ್ಕಿದ್ದಂತೆ ‘ಮಂಜೂರಾಗಿದೆ, 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಸಲ್ಲಿಸಿ’ ಎಂದು ನಗುತ್ತಾ ಬರುತ್ತದೆ. ಎಲ್ಲ ಪೀಠಗಳಿಗೂ ಅದೇ ವಾರ ಜ್ಞಾನೋದಯ. ಮೂರು ಸಭಾಂಗಣಕ್ಕೆ ಹನ್ನೊಂದು ವಿಚಾರ ಸಂಕಿರಣ! ಹಾಸ್ಟೆಲ್ ಹುಡುಗರು ಬಸವ ಪೀಠದಲ್ಲಿ ಉಪ್ಪಿಟ್ಟು ತಿಂದು, ಗಾಂಧಿ ಭವನದಲ್ಲಿ ಉಂಡು, ಸಂಜೆ ಕನಕ ಪೀಠದ ಬೋಂಡಾಕ್ಕೆ ಸರಿಯಾಗಿ ಹಾಜರಾಗುತ್ತಾರೆ. ಸರ್ವಸಮನ್ವಯ ಎಂದರೆ ಇದೇ ಇರಬೇಕು.

ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆ ಉಪನ್ಯಾಸದ ಊಟ-ತಿಂಡಿಯಂಥ ಸಣ್ಣ ಖರೀದಿಗೆ ಟೆಂಡರ್ ಕೇಳುವುದಿಲ್ಲ. ನಮ್ಮ ಹಣಕಾಸು ವಿಭಾಗ ಮೂರು ಕೊಟೇಷನ್ ಕೇಳುತ್ತದೆ. ಅಡುಗೆ ಭಟ್ಟರಿಗೆ ಹೇಳಿದೆ. “ಅದಕ್ಕೇನ್ ಸಾರ್, ಮೂರೂ ನಾನೇ ತರ್ತೀನಿ” ಎಂದರು. ತಂದರು. ಒಂದು ಅವರದು, ಒಂದು ಭಾವಮೈದುನನದು, ಇನ್ನೊಂದು ಯಾವುದೋ ‘ಅನ್ನಪೂರ್ಣ’. ಮೂರರಲ್ಲೂ ಒಂದೇ ನೀಲಿ ಶಾಯಿ, ಒಂದೇ ಕೈಬರಹ, ಮೂರರಲ್ಲೂ ‘ಕೇಸರಿಬಾತ್’ ‘ಕೆಸರಿಬಾತ್’ ಆಗಿತ್ತು. ಎದೆ ಢವಗುಟ್ಟಿತು. ಕೇಸ್ ವರ್ಕರ್ ಕನ್ನಡಕ ಏರಿಸಿ ನೋಡಿದರು. “ಏನ್ ಸಾರ್ ಇದು, ಮೂರನೆಯದಕ್ಕೆ ದಿನಾಂಕವೇ ಇಲ್ವಲ್ಲ!”

ಐದು ಸಾವಿರ ದಾಟಿದ ರಸೀದಿಗೆ ಮಾತ್ರ ರೆವಿನ್ಯೂ ಸ್ಟಾಂಪು ಬೇಕೆಂಬುದು ಕಾನೂನು; ಎರಡು ಸಾವಿರದ ಸಂಭಾವನೆಗೂ ಅಂಟಿಸಿದ್ದರೆ ಬಿಲ್ಲು ಬೇಗ ಓಡುತ್ತದೆ ಎಂಬುದು ಅನುಭವ. ಹಾಗಾಗಿ ಹಿರಿಯ ವಿದ್ವಾಂಸರು ವೇದಿಕೆ ಏರುವ ಮೊದಲೇ ಅವರಿಂದ ಸ್ಟಾಂಪಿನ ಮೇಲೆ ಅಡ್ಡ ಸಹಿ ಹಾಕಿಸಿಕೊಂಡೆ. ದುಡ್ಡು ಯಾವಾಗ ಎಂದು ಅವರು ಕೇಳಲಿಲ್ಲ; ಅವರೂ ಹಿಂದೆ ಸಂಯೋಜಕರಾಗಿದ್ದವರೇ.

ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಕ್ಕೆ ಮೇಷ್ಟ್ರುಗಳೇ ಊರೂರಿಗೆ ಹೋಗುತ್ತಿದ್ದರು. ಆ ಮಾತು ಕಿರುಹೊತ್ತಿಗೆಯಾಗಿ ಅಚ್ಚಾಗುತ್ತಿತ್ತು. ಈಗ ಊರೇ ನಮ್ಮಲ್ಲಿಗೆ ಬರಬೇಕು. ಊರಿಗೆ ಬೇರೆ ಕೆಲಸವಿದೆ. ಅವತ್ತು ನಮ್ಮ ದತ್ತಿ ಉಪನ್ಯಾಸ ಕೇಳಿದವರು ಇಪ್ಪತ್ಮೂರು ಜನ, ತಿಂದವರು ಎಂಬತ್ತು. ಹೆಡ್‌ಮಾಸ್ತರ ಕರಾರಿನಲ್ಲಿ ಸಿಹಿಯ ಭಾಗವಂತೂ ಚಾಚೂತಪ್ಪದೆ ನಡೆಯಿತು.

ಜೂನ್‌ನಲ್ಲಿ ಆಡಿಟ್‌ನವರ ಆಕ್ಷೇಪಣೆ ಬಂತು: ‘ದತ್ತಿಯ ಬಡ್ಡಿ 650 ಇರುವಾಗ 7,480 ವೆಚ್ಚ ಮಾಡಿದ್ದೇಕೆ? ವಿವರಣೆ ನೀಡುವುದು.’ ಬರೆಯಲು ಕೂತಿದ್ದೆ. ಫೋನ್ ಬಂತು. ಹೆಡ್‌ಮಾಸ್ತರ ಮೊಮ್ಮಗ.

“ಸಾರ್, ತಾತನ ಹೆಸರಲ್ಲೂ ಒಂದು ದತ್ತಿ ಇಡೋಣ ಅಂತಿದ್ದೀವಿ. ಹತ್ತು ಸಾವಿರ ಸಾಕಾಗುತ್ತಲ್ವಾ?”