ಶಾಂಪೂ ಸುಂದರಿಯ ಗುರುತ್ವಾಕರ್ಷಣೆ

ಎರಡಡಿ ಕೂದಲು ಲೋಲಕದಂತೆ ಒಮ್ಮೆ ಹೋಗಿಬರಲು ಸುಮಾರು ಒಂದೂಕಾಲು ಸೆಕೆಂಡು ಸಾಕು. ಟಿ.ವಿ. ಜಾಹೀರಾತಿನ ಸುಂದರಿಗೆ ಮಾತ್ರ ಐದು ಬೇಕು. ಕೈಚಳಕ ಕ್ಯಾಮೆರಾದ್ದು: ಸೆಕೆಂಡಿಗೆ 96 ಚಿತ್ರ ತೆಗೆದು 24ರಂತೆ ತೋರಿಸಿದರೆ ಕಾಲ ನಾಲ್ಕು ಪಟ್ಟು ಹಿಗ್ಗಿ, ಗುರುತ್ವ ಹದಿನಾರರಲ್ಲೊಂದು ಪಾಲಿಗೆ ಇಳಿದಂತೆ ಕಾಣುತ್ತದೆ. ಚಂದ್ರನ ಮೇಲೂ ಆರರಲ್ಲೊಂದು ಪಾಲಿದೆ. ಹಾಗಾಗಿ ಚಂದ್ರಮುಖಿ ಎಂಬ ಹೊಗಳಿಕೆಯೂ ಆಕೆಗೆ ಭಾರವೇ.

ಸೋಪಿನ ಬೆಡಗಿ ಜಲಪಾತದಡಿ ನಗುತ್ತಾಳೆ. ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ ಸುಮಾರು 20 ಮೀಟರ್ ಧುಮುಕುವ ಕಾವೇರಿ, ಗಾಳಿ ಬಂಡೆಗಳ ತಡೆ ಬಿಟ್ಟರೆ, ಗಂಟೆಗೆ 70 ಕಿ.ಮೀ. ವೇಗ ಮುಟ್ಟುತ್ತಾಳೆ, ಹುಣಸೂರು–ಪಿರಿಯಾಪಟ್ಟಣ ಬಸ್ಸಿಗೂ ಅಷ್ಟು ಅವಸರವಿಲ್ಲ. ಆ ಧಾರೆಯಡಿ ನಿಂತರೆ ಸೋಪಿನ ಜತೆ ನಗುವೂ ಕೊಚ್ಚಿಹೋದೀತು. ಅಲ್ಲೇ ಸೀತೆಯ ಸ್ನಾನಕ್ಕೆ ಲಕ್ಷ್ಮಣ ಬಾಣ ಬಿಟ್ಟಾಗ ಎಣ್ಣೆ, ಅರಿಶಿನ, ಸೀಗೆಕಾಯಿ ಸಮೇತ ನೀರು ಚಿಮ್ಮಿತೆನ್ನುತ್ತದೆ ಸ್ಥಳಪುರಾಣ. ಕಂಡಿಷನರ್ ಮಾತ್ರ ಇರಲಿಲ್ಲ.